ಆರಿಸಿದ ಐದು ಕರೆಗಳು

ಚೆನ್ನೈಯ ಮಾಂಬಲಂ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಎದುರು ಬರುವವರೆಲ್ಲ ಬೇಕೆಂದೇ ತನ್ನ ಭುಜಕ್ಕೆ ಡಿಕ್ಕಿ ಹೊಡೆಯುತ್ತಿದ್ದಾರೆ ಎಂದು ವೃಂದಾಳಿಗೆ ಅನಿಸಿತು. ಹೂವಿನ ಬುಟ್ಟಿಯನ್ನು ಸೊಂಟಕ್ಕೆ ಅಡ್ಡ ಹಿಡಿದ ಒಬ್ಬಳು ತಾನೇ ತಾಗಿಸಿ, ತಾನೇ ಬೈದು ಹೋದಳು. ವೃಂದಾ ತಿರುಗಿ ಏನಾದರೂ ಅನ್ನಬೇಕೆಂದುಕೊಂಡಳು, ಅಷ್ಟರಲ್ಲಿ ಲೋಕಲ್ ಟ್ರೇನು ಬಂದು ಮೆಟ್ಟಿಲ ತುಂಬ ಜನ ಉಕ್ಕಿದರು. ಕೈಯಲ್ಲಿ ಒಂದು ಕಾಗದವಿತ್ತು. ಮಡಿಸಬಾರದೆಂದು ಅದನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು, ಫೈಲನ್ನು ಎದೆಗೆ ಒತ್ತಿಕೊಂಡು ನಡೆಯುತ್ತಿದ್ದಳು. ಮೂರು ಗಂಟೆಗೆ ಅದರ ಮೇಲೆ ತನ್ನ ಕೈಕೆಳಗಿನ ಅನಸೂಯಮ್ಮನ ಸಹಿ ಹಾಕಿಸಬೇಕು. ಮೂವತ್ತು ದಿನದ ಸುಧಾರಣಾ ಯೋಜನೆ ಎಂದು ಅದರ ಹೆಸರು. ಕೇಳುವುದಕ್ಕೆ ಆಸ್ಪತ್ರೆಯ ಪಥ್ಯದ ಹಾಗಿದೆ. ಆದರೆ ವೃಂದಾ ಕೆಲಸಕ್ಕೆ ಸೇರಿದ ಆರು ವರ್ಷಗಳಲ್ಲಿ ನಾಲ್ಕು ಜನ ಅದಕ್ಕೆ ಸಹಿ ಹಾಕಿದ್ದರು, ನಾಲ್ವರಲ್ಲಿ ಒಬ್ಬರೂ ಈಗ ಆ ಆಫೀಸಿನಲ್ಲಿಲ್ಲ. ಐವತ್ತೊಂದು ವರ್ಷದ, ಪಿಯುಸಿ ಓದಿದ ಹೆಂಗಸಿಗೆ ಈ ಟಿ. ನಗರದಲ್ಲಿ ಸೀರೆ ಮಡಿಸಿಡುವ ಕೆಲಸವೂ ಸಿಗುವುದಿಲ್ಲ. ಅಲ್ಲೂ ಇಪ್ಪತ್ತರ ಹುಡುಗಿಯರೇ ಬೇಕು. ಅನಸೂಯಮ್ಮ ಏನು ತಪ್ಪು ಮಾಡಿದ್ದಳು? ಏನೂ ಇಲ್ಲ. ತಪ್ಪು ಮಾಡಿದವಳು ಈ ಫೈಲನ್ನು ಎದೆಗೊತ್ತಿಕೊಂಡು ನಡೆಯುತ್ತಿದ್ದಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ಎಮ್ಮೆಯ ಕಡೆಯಿಂದ ಎಷ್ಟೋ ಸಲ ಹೇಳಿದ್ದಳು. ಎತ್ತಾಗಿ ನಿಂತದ್ದು ಇದೇ ಮೊದಲು.

ಬೆಳಿಗ್ಗೆ ಅತ್ತೆ ತುಂಗಾಬಾಯಿ ಬಾಲ್ಕನಿಯಲ್ಲಿ ಕೂತು ತುಳಸಿ ಆರಿಸುತ್ತಿದ್ದರು. ಮೂರು ಕುಂಡದ ತುಳಸಿ, ಅದರಲ್ಲಿ ಹುಳ ತಿಂದದ್ದು, ಅಂಚು ಒಣಗಿದ್ದು, ಮಸಿ ಹತ್ತಿದ್ದು ಎಲ್ಲ ಪಕ್ಕಕ್ಕೆ. ತುಂಬಿದ ಹಸಿರು ದಳ ಮಾತ್ರ ಬೆಳ್ಳಿ ಬಟ್ಟಲಿಗೆ. ಬಾಳೆಹಣ್ಣು ತಂದರೂ ಹಾಗೆಯೇ, ಚಿಪ್ಪಿನಲ್ಲಿ ನೆಟ್ಟಗಿರುವ ಎರಡು ದೇವರಿಗೆ, ಕಪ್ಪು ಚುಕ್ಕೆಯವು ಮನೆಯವರಿಗೆ. 'ಕೊಡೋದು ಅಂದ್ರೆ ಆರಿಸಿ ಕೊಡಬೇಕು ಕಣೆ, ಕೈಗೆ ಸಿಕ್ಕಿದ್ದನ್ನ ಇಡೋದಕ್ಕೆ ದೇವರೇನು ಎದುರು ಮನೆಯೋನಾ' ಎಂದು ಹದಿಮೂರು ವರ್ಷದಿಂದ ಹೇಳುತ್ತ ಬಂದಿದ್ದರು. ಇವತ್ತು ವೃಂದಾ ಆ ಬಟ್ಟಲನ್ನು ನೋಡದೆ ಚಪ್ಪಲಿ ಮೆಟ್ಟಿದಳು. 'ಡಬ್ಬಿ ಮರ್ತ್ಯಲ್ಲ, ಆಫೀಸರ್ ಆದ ಮೇಲೆ ಸಾಪಾಡು ಬೇಡವಾ?' ಎಂದರು ಅತ್ತೆ. 'ಅಲ್ಲೇ ಏನಾದ್ರೂ ತಿಂತೀನಿ' ಎಂದು ಗದರಿದ್ದಳು. ಮುದುಕಿಯ ಮುಖ ಸಣ್ಣದಾಯಿತು. ಅದೂ ಇವತ್ತಿನ ಲೆಕ್ಕಕ್ಕೇ ಸೇರಿತು. ಕಾರಣ ಹೇಳುವಂತಿರಲಿಲ್ಲ: ನೀವು ಕಲಿಸಿದ ಹಾಗೆಯೇ ಆರಿಸಿಕೊಟ್ಟೆ ಅಮ್ಮಾ, ಒಳ್ಳೆಯದನ್ನೇ ಆರಿಸಿಕೊಟ್ಟೆ, ಅದಕ್ಕೇ ಒಬ್ಬಳ ಅನ್ನಕ್ಕೆ ಕಲ್ಲು ಬಿತ್ತು.

ವೃಂದಾಳ ಕೆಲಸ ಆರೋಗ್ಯ ವಿಮೆಯ ಸಹಾಯವಾಣಿಯಲ್ಲಿ. ದಕ್ಷಿಣದ ನಾಲ್ಕು ಭಾಷೆಗಳಿಗೂ ಒಂದೇ ಮಹಡಿ, ಕನ್ನಡಕ್ಕೆ ಕಿಟಕಿಯ ಪಕ್ಕದ ಏಳು ಕುರ್ಚಿ. ಆಸ್ಪತ್ರೆಯವರು ಚಿಕಿತ್ಸೆಯ ಖರ್ಚಿಗೆ ಒಪ್ಪಿಗೆಯ ಪತ್ರ ಬಂದಿಲ್ಲ ಎನ್ನುತ್ತಾರೆ ಎಂದು ಕೊಳ್ಳೇಗಾಲದಿಂದಲೋ ಹಾವೇರಿಯಿಂದಲೋ ಫೋನು ಮಾಡುವವರಿಗೆ ಚೆನ್ನೈಯ ಕನ್ನಡದವರು ಉತ್ತರ ಕೊಡುತ್ತಾರೆ. ಒಬ್ಬಳದು ಕೊಯಮತ್ತೂರಿನ ಮನೆಮಾತು, ಒಬ್ಬನದು ಬಳ್ಳಾರಿ, ಅನಸೂಯಮ್ಮನದು ಚಾಮರಾಜನಗರ. ಅವಳಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುತ್ತ ಪೆರಂಬೂರಿಗೆ ಬಂದವನು. ಪ್ರತಿ ತಿಂಗಳೂ ಒಬ್ಬೊಬ್ಬರ ಐದೈದು ಕರೆಗಳನ್ನು ಆರಿಸಿ ಹೈದರಾಬಾದಿಗೆ ಕಳಿಸುವುದು ಮ್ಯಾನೇಜರನ ಕೆಲಸ. ಅಲ್ಲಿ ಮೂವರು ಕೂತು ಕೇಳಿ ಅಂಕ ಹಾಕುತ್ತಾರೆ: ಸ್ವಾಗತ ವಾಕ್ಯ, ಭಾಷಾ ಶುದ್ಧತೆ, ಸಿದ್ಧಪಠ್ಯದ ಪಾಲನೆ, ಅವಧಿ, ಮುಕ್ತಾಯ ವಾಕ್ಯ. ಹಿಂದಿನ ಮ್ಯಾನೇಜರ್ ಭೋಜರಾಜ ಯಾವ ಕರೆಯನ್ನೂ ಕೇಳುತ್ತಿರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತು, 'ಯಾವ ತಾರೀಕಿಂದು ತಗೊಳ್ಲಿ?' ಎಂದು ಒಬ್ಬೊಬ್ಬರನ್ನೇ ಕೇಳಿ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದ. ವೃಂದಾಳಿಗೆ ಅದು ಸೋಮಾರಿತನ, ಒಂದು ಬಗೆಯ ಕಳ್ಳತನ ಎನಿಸುತ್ತಿತ್ತು. 'ಯಾವ ತಾರೀಕಾದ್ರೂ ಸರಿ ಸಾರ್' ಎಂದು ಗತ್ತಿನಿಂದ ಹೇಳುತ್ತಿದ್ದಳು. ಅವಳಿಗೆ ಪ್ರತಿ ತಿಂಗಳೂ ತೊಂಬತ್ತಾರು. ಅವನು ನಿವೃತ್ತನಾದಾಗ ಕುರ್ಚಿ ಅವಳಿಗೆ ಬಂದದ್ದೂ ಆ ತೊಂಬತ್ತಾರರಿಂದಲೇ.

ಕುರ್ಚಿಯ ಜತೆಗೆ ಗಾಜಿನ ಕೋಣೆ ಬಂತು, ಕೊರಳಿನ ನೀಲಿ ದಾರ ಹೋಗಿ ಹಸಿರು ದಾರ ಬಂತು, ಗಿಂಡಿಯ ಹೋಟೆಲೊಂದರಲ್ಲಿ ಎರಡು ದಿನದ ತರಬೇತಿಯೂ ಆಯಿತು. ಅಜಿತ್ ಎಂಬ, ಸಣ್ಣ ಪ್ಯಾಂಟಿನ ತರಬೇತುದಾರ ಹೊಸ ಮ್ಯಾನೇಜರುಗಳನ್ನೆಲ್ಲ ಎದ್ದು ನಿಲ್ಲಿಸಿ ಕಣ್ಣು ಮುಚ್ಚಿಸಿ, ನಿಮ್ಮ ಬದುಕಿನ ಅತಿ ಒಳ್ಳೆಯ ನಾಯಕರನ್ನು ನೆನೆದುಕೊಳ್ಳಿ ಎಂದ. ಬೇರೆಯವರು ಅಪ್ಪನನ್ನು, ಕ್ರಿಕೆಟ್ ಆಟಗಾರರನ್ನು ನೆನೆದರು. ವೃಂದಾಳಿಗೆ ಬಂದದ್ದು ಅನಸೂಯಮ್ಮ. ಕೆಲಸಕ್ಕೆ ಸೇರಿದ ಮೊದಲ ವಾರ ಯಾರೋ ಫೋನಿನಲ್ಲಿ ಅವಳ ತಾಯಿ ತಂದೆಯನ್ನೆಲ್ಲ ಎಳೆದು ಬೈದಾಗ, ಅನಸೂಯಮ್ಮ ಎದ್ದು ಬಂದು ಅವಳ ಕಿವಿಯಿಂದ ಹೆಡ್‌ಸೆಟ್ ಬಿಡಿಸಿ ತಾನು ಹಾಕಿಕೊಂಡಿದ್ದಳು. ಆಮೇಲೆ ನೀರು ಕೊಟ್ಟು, 'ಅವ್ನು ನಿನ್ನ ಬೈನಿಲ್ಲ ಕನವ್ವ, ಅವ್ನ ಕೈಗೆ ಸಿಕ್ಕಿದ್ ಫೋನ್ ಬೈದ' ಅಂದಿದ್ದಳು. ತರಬೇತುದಾರ ನಿಮ್ಮ ತಂಡಕ್ಕೆ ನೀವು ಕೊಡಬಹುದಾದ ಅತಿ ದೊಡ್ಡ ಉಡುಗೊರೆ ಪ್ರಾಮಾಣಿಕವಾಗಿ ಕೇಳಿಸಿಕೊಳ್ಳುವುದು ಎಂದ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಳು. ಈಗ ಆ ಗೆರೆ ನೆನಪಾದರೆ ಮೈ ಉರಿಯುತ್ತದೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಅವನು ಹೇಳಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೂರು ಬಗೆಯ ಸಿಹಿಯಿತ್ತು.

ಎರಡು ಭಾನುವಾರ ಕೂತು ತನ್ನ ತಂಡದ ಕರೆಗಳನ್ನು ಕೇಳಿದಳು. ಇಯರ್‌ಫೋನ್ ಹಾಕಿಕೊಂಡು ಬೀನ್ಸ್ ಹೆಚ್ಚುತ್ತ, ಬಟ್ಟೆ ಒಣಗಿಸುತ್ತ. ಬೇರೆಯವರ ಕರೆಗಳು ಒಂದಷ್ಟು ಹೊತ್ತಿಗೆ ಮುಗಿದವು. ಅನಸೂಯಮ್ಮನದನ್ನು ಮಾತ್ರ ಬಿಡಲಾಗಲಿಲ್ಲ. ಎಂತೆಂಥವರೊಡನೆ ಹೇಗೆ ಹೇಗೆ ಮಾತಾಡುತ್ತಾಳೆ! ಒಂದು ಕರೆ ಹದಿನಾಲ್ಕು ನಿಮಿಷದ್ದು. ಸಂತೇಮರಹಳ್ಳಿ ಕಡೆಯ ಹೆಂಗಸು, ಗಂಡನ ಚಿಕಿತ್ಸೆಗೆ ಒಪ್ಪಿಗೆಯ ಪತ್ರ ಬಂತೇ ಎಂದು ಕೇಳಲು ಕರೆ ಮಾಡಿದ್ದಳು. ಫೋನಿನಲ್ಲಿ ಸರದಿ ಕಾಯುತ್ತಿದ್ದ ಹೊತ್ತಿನಲ್ಲೇ ಒಳಗಿನಿಂದ ನರ್ಸು ಬಂದು ಗಂಡ ಹೋದನೆಂದು ಹೇಳಿಹೋಗಿದ್ದಳು. ಅನಸೂಯಮ್ಮ ಕರೆ ತೆಗೆದುಕೊಂಡಾಗ ಆ ಕಡೆಯಿಂದ ಬರೀ ಉಸಿರು. 'ಯಾಕವ್ವ? ಹೇಳು, ನಾ ಇಲ್ಲೇ ಇವ್ನಿ. ಆತುರ ಇಲ್ಲ.' ಆಮೇಲೆ ಆ ಹೆಂಗಸು ಹೇಳಿದ್ದನ್ನು ವೃಂದಾ ಈಗಲೂ ಮನಸ್ಸಿಗೆ ತಂದುಕೊಳ್ಳಲಾರಳು. ಗಂಡನ ಜತೆ ಆಸ್ಪತ್ರೆಗೆ ಬರುವ ದಾರಿಯಲ್ಲಿ ಜಗಳವಾಡಿದ್ದೆ, ಸತ್ತರೆ ಸಾಯಿ ಅಂದಿದ್ದೆ, ಈ ಬಾಯಲ್ಲೇ ಅಂದಿದ್ದೆ ಎಂದು ಆಕೆ ಹೇಳಿದಳು. ಅನಸೂಯಮ್ಮ ಸಮಾಧಾನ ಹೇಳಲಿಲ್ಲ. 'ನಾನೂ ಅಂದಿವ್ನಿ ಕನವ್ವ, ಅನ್ನದೆ ಇರೋರ್ ಯಾರು' ಎಂದಳು. ಪಕ್ಕದಲ್ಲಿ ಯಾರಿದ್ದಾರೆ, ನೀರು ಕುಡಿದೆಯಾ ಎಂದು ಕೇಳಿದಳು, ಯಾರೋ ಒಬ್ಬ ನೆಂಟನ ಕೈಗೆ ಫೋನು ಹೋಗುವ ತನಕ ಬಿಡಲಿಲ್ಲ. ವೃಂದಾ ಬೀನ್ಸಿನ ತಟ್ಟೆಯ ಮೇಲೆ ಬಾಗಿ ಅತ್ತಳು. ಇಂಥದ್ದನ್ನು ಅವಳು ಇಲ್ಲಿ ದುಡಿದ ಹನ್ನೊಂದು ವರ್ಷದಲ್ಲಿ ಯಾರೂ ಕೇಳಿಯೇ ಇಲ್ಲವಲ್ಲ, ಆ ಭೋಜರಾಜನಿಗೆ ಏನಾಗಿತ್ತು ಎಂದು ಸಿಟ್ಟು ಬಂತು. ಜಗತ್ತು ಕೇಳಲಿ ಎಂದು ಆ ಕರೆಯನ್ನು ಮೊದಲು ಗುರುತು ಹಾಕಿದಳು. ಅಂಥವೇ ಇನ್ನು ನಾಲ್ಕು.

ಹೈದರಾಬಾದಿನಿಂದ ಬಂದ ಅಂಕ ನಲವತ್ತೊಂದು. ಭಾಷಾ ಶುದ್ಧತೆ ಸೊನ್ನೆ, ಸಿದ್ಧಪಠ್ಯ ಸೊನ್ನೆ, ಅವಧಿ ಮಿತಿಮೀರಿದೆ, ಮುಕ್ತಾಯ ವಾಕ್ಯ ಹೇಳಿಲ್ಲ. 'ವೈಯಕ್ತಿಕ ವಿಷಯ ಪ್ರಸ್ತಾಪ' ಎಂದು ಕೆಂಪಿನಲ್ಲಿ. ನಾಲ್ಕೂ ಭಾಷೆಗಳ ಮೇಲ್ವಿಚಾರಕ ಪ್ರತಾಪ್ ಹೋದ ವಾರ ಅವಳನ್ನು ಕರೆದು ಕೂರಿಸಿ ನಕ್ಕ. ಅವನದೂ ಮನೆಯಲ್ಲಿ ಕನ್ನಡವೇ, ಮೈಲಾಪೂರಿನಲ್ಲಿ ಹುಟ್ಟಿ ಬೆಳೆದವನು. 'ನೀವೇ ಕೂತು ಕೇಳಿ ಆರಿಸಿದ್ರಾ? ಎರಡು ಭಾನುವಾರ? ಅಯ್ಯೋ ರಾಮಾ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತ ನಮ್ಮಜ್ಜಿ ಹೇಳೋರು. ಎಲ್ರೂ ಮೂರು ನಿಮಿಷದ್ದು, ಸಪ್ಪೆ ಇರೋದು ಐದು ಹೆಕ್ಕಿ ಕಳಿಸ್ತಾರೆ ವೃಂದಾ, ಅದು ಎಲ್ಲಾ ಟೀಮಿಗೂ ಗೊತ್ತು.' ಬದಲಾಯಿಸಬಹುದೇ ಎಂದು ಕೇಳಿದಳು. ಇಪ್ಪತ್ತೈದನೇ ತಾರೀಕಿಗೇ ವಿಂಡೋ ಮುಚ್ಚಿತು, ಇನ್ನು ತಿದ್ದುವಂತಿಲ್ಲ ಎಂದ. ಆ ಕರೆಯನ್ನು ನೀವೊಮ್ಮೆ ಕೇಳಿ ಸಾರ್ ಎಂದಳು. 'ಕೇಳ್ದೆ. ನಂಗೂ ಕಣ್ಣಲ್ಲಿ ನೀರು ಬಂತು. ಆದ್ರೆ ಕಣ್ಣೀರಿಗೆ ಕಾಲಂ ಇಲ್ಲ ಅಲ್ಲಿ.' ಹಾಗಾದರೆ ಸುಧಾರಣಾ ಯೋಜನೆಯ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದಳು. 'ಆಗ ನಾನು ಹಾಕ್ತೀನಿ. ಆಮೇಲೆ ನಿಮ್ಮ ಮೇಲೂ ಒಂದು ಕಾಗದ ಬರತ್ತೆ, ನಿಮ್ಮ ಪ್ರೊಬೇಷನ್ ಇನ್ನೂ ನಾಲ್ಕು ತಿಂಗಳಿದೆ. ಯಾರಿಗೆ ಏನು ಲಾಭ? ಮೊದಲ ಪಾಠ ಅಂದ್ಕೊಳಿ.' ಪಾಠ! ಕಲಿಯುವವಳು ಇವಳು, ಬೆತ್ತದ ಏಟು ಮತ್ತೊಬ್ಬಳಿಗೆ. ಕುರ್ಚಿಯಿಂದ ಎದ್ದು ಆ ಮೇಜನ್ನು ಒದೆಯಬೇಕೆನಿಸಿತು. ಎದ್ದಳು, ಥ್ಯಾಂಕ್ಯೂ ಸಾರ್ ಎಂದಳು. ಅವನ ಮೇಲಿನ ಸಿಟ್ಟಿಗಿಂತ ಆ ಥ್ಯಾಂಕ್ಯೂ ಅವಳನ್ನು ಒಂದು ವಾರ ಸುಟ್ಟಿತು.

ಮೂರು ಗಂಟೆಗೆ ಅನಸೂಯಮ್ಮ ಗಾಜಿನ ಬಾಗಿಲನ್ನು ಬೆರಳಿನಿಂದ ತಟ್ಟಿ ಒಳಗೆ ಬಂದಳು. ಹಸಿರು ದಾರ ಬಂದ ದಿನದಿಂದ ತಟ್ಟಿಯೇ ಬರುತ್ತಿದ್ದಳು, ಮೇಡಂ ಎನ್ನುತ್ತಿದ್ದಳು. ಬೇಡ ಎಂದು ವೃಂದಾ ಎರಡು ಸಲ ಹೇಳಿ, ಮೂರನೆಯ ಸಲ ಹೇಳುವುದು ಮರೆತಿದ್ದಳು.

'ಕೂತ್ಕೊಳಿ ಅನಸೂಯಮ್ಮ.'

'ಬ್ರೇಕು ಹತ್ತೇ ನಿಮಿಷ ಅಲ್ವಾ ಮೇಡಂ, ನಿಂತೇ ಇರ್ತೀನಿ ಬುಡಿ.'

ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಎಂದು ಅಜಿತ್ ಹೇಳಿಕೊಟ್ಟಿದ್ದ. ವೃಂದಾ ಅದನ್ನು ಮಾಡಬಾರದೆಂದು ನಿರ್ಧರಿಸಿಕೊಂಡೇ ಕೂತಿದ್ದಳು. ಆದರೂ ಬಾಯಿ ತೆರೆದಾಗ ಬಂದದ್ದು, 'ನಿಮ್ಮ ಅಟೆಂಡೆನ್ಸ್ ತುಂಬಾ ಚೆನ್ನಾಗಿದೆ.' ಅನಸೂಯಮ್ಮ ಕನ್ನಡಕ ಹಾಕಿಕೊಂಡು ಕಾಗದ ಎತ್ತಿಕೊಂಡಳು. ಓದುವಾಗ ತುಟಿ ಅಲುಗುತ್ತಿತ್ತು. ಗಾಜಿನಾಚೆ ಆರು ತಲೆಗಳು ಪರದೆಯ ಕಡೆಗೇ ತಿರುಗಿದ್ದವು, ತೀರ ನೆಟ್ಟಗೆ.

'ನಲವತ್ತೊಂದಾ? ನಂಗಾ?' ಎಂದಳು. 'ಎಂಬತ್ತೈದರ ಕೆಳಗೆ ಇಳಿದೋಳಲ್ಲ ನಾನು.'

'ತಪ್ಪು ನಂದು' ಎಂದಳು ವೃಂದಾ. 'ಆ ಐದು ಕಾಲ್ ಆರಿಸಿದ್ದು ನಾನೇ. ನಿಮ್ಮದರಲ್ಲೆಲ್ಲ ಅದೇ ಬೆಸ್ಟ್ ಅಂತ ಆರಿಸಿದೆ. ಅವರೂ ಕೇಳಲಿ ಅಂತ.'

ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಅನಸೂಯಮ್ಮ ಈಗ ಬೈಯಬಹುದು, ಅಳಬಹುದು. ಅಥವಾ ಪರವಾಯಿಲ್ಲೆ ಬುಡವ್ವ ಎಂದು ತನ್ನ ತಲೆ ಸವರಬಹುದು. ಈ ಕೊನೆಯದಕ್ಕೇ ತಾನು ಕಾಯುತ್ತಿದ್ದೇನೆ ಎಂದು ಹೊಳೆದು ವೃಂದಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

'ಯಾವ್ಯಾವು?'

ಹೇಳಿದಳು. ಹುಣಸೂರಿನ ಮೇಷ್ಟ್ರದು, ಅವಳಿ ಮಕ್ಕಳದು. ಸಂತೇಮರಹಳ್ಳಿಯದನ್ನು ಹೇಳಿದಾಗ ಅನಸೂಯಮ್ಮ ಕನ್ನಡಕ ತೆಗೆದಳು.

'ಆಯಮ್ಮನ್ದಾ? ಗಂಡಂದು?'

'ಹೂಂ.'

'ಅದನ್ನ ಯಾರ್ಯಾರು ಕೇಳವ್ರೆ?'

'ಹೈದರಾಬಾದಲ್ಲಿ ಮೂರು ಜನ. ಪ್ರತಾಪ್ ಸಾರ್. ಆಮೇಲೆ ನಾನು.'

'ಭಾನುವಾರ ಮನೇಲ್ ಕೂತ್ಕೊಂಡಾ?'

ವೃಂದಾಳಿಗೆ ಬೀನ್ಸು ನೆನಪಾಯಿತು.

'ಅವ್ಳು ನಂಗ್ ಹೇಳ್ಕೊಂಡಿದ್ದು ಅದು' ಎಂದಳು ಅನಸೂಯಮ್ಮ. ದನಿ ಏರಿಸಲಿಲ್ಲ. 'ಸಾಯಿ ಅಂದೆ ಅಂತ ಅವ್ಳು ತನ್ನ ಅತ್ತೆಗೆ ಹೇಳಿಲ್ಲ, ಮಗನಿಗೆ ಹೇಳಿಲ್ಲ. ಯಾರೋ ಏನೋ ಅಂತ ನನ್ ಕಿವೀಲ್ ಹಾಕಿದ್ಲು. ನೀನು ಅದನ್ನ ತಗೊಂಡೋಗಿ ಪರೀಕ್ಷೆ ಪೇಪರ್ ಥರ ಹಂಚ್ಬುಟ್ಯಲ್ಲ.'

'ರೆಕಾರ್ಡ್ ಆಗತ್ತೆ ಅಂತ ಮೊದಲೇ ಹೇಳ್ತಾರಲ್ಲ ಅನಸೂಯಮ್ಮ, ಎಲ್ಲಾ ಕಾಲಲ್ಲೂ...'

'ಗಂಡ ಸಾಯ್ತಾ ಇರೋವಾಗ ಯಾವಳು ಅದನ್ನ ಕೇಳಿಸ್ಕೋತಾಳೆ?'

ಕೆಲಸ ಹೋಗುವುದರ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ ಎಂಬುದು ವೃಂದಾಳನ್ನು ಇನ್ನಷ್ಟು ಕುಗ್ಗಿಸಿತು.

'ಭೋಜರಾಜ ಸಾರ್ ತಾರೀಕು ಕೇಳ್ತಿದ್ರಲ್ಲ, ಯಾಕೆ ಅಂದ್ಕೊಂಡಿದ್ದೆ?' ಎಂದಳು ಅನಸೂಯಮ್ಮ. 'ತಿಂಗಳಲ್ಲಿ ಎರಡು ದಿನ ನಾವು ಹೈದರಾಬಾದಿನೋರ ಪುಸ್ತಕದ ಪ್ರಕಾರ ಮಾತಾಡ್ತೀವಿ. ಆ ತಾರೀಕು ಅವ್ರಿಗೆ. ಮಿಕ್ಕಿದ್ದು ಫೋನ್ ಮಾಡೋರಿಗೆ. ಅದರ ಕಡೀಕೆ ಆತ ತಲೆ ಹಾಕ್ತಿರ್ನಿಲ್ಲ, ಯಾರಿಗೂ ಹಾಕಕ್ಕೆ ಬುಡ್ತಿರ್ನಿಲ್ಲ. ನನ್ ಒಂದ್ ಮಾತು ಕೇಳ್ಬೋದಿತ್ತು ನೀನು. ಇಷ್ಟೇ ದೂರದಲ್ಲಿ ಕೂತಿದ್ದೆ ನಾನು.'

ಆರು ವರ್ಷ ಆ ಸಾಲಿನಲ್ಲೇ ಕೂತಿದ್ದರೂ ಇದು ವೃಂದಾಳಿಗೆ ಗೊತ್ತಾಗಿರಲಿಲ್ಲ. ಗೊತ್ತಾಗುವುದು ಹೇಗೆ? ಅವಳಿಗೆ ಎಲ್ಲ ದಿನವೂ ಪುಸ್ತಕದ ದಿನವೇ. ಅವಳ ತೊಂಬತ್ತಾರು ಆ ಸಾಲಿನಲ್ಲಿ ಎಷ್ಟು ಹಾಸ್ಯದ ವಸ್ತುವಾಗಿತ್ತೋ. ಗತ್ತಿನಿಂದ ಯಾವ ತಾರೀಕಾದರೂ ಸರಿ ಸಾರ್ ಎಂದಾಗ ಭೋಜರಾಜ ಒಂದು ಗಳಿಗೆ ನಿಂತು ನೋಡಿ ಮುಂದೆ ಹೋಗುತ್ತಿದ್ದ. ಆ ನೋಟ ಮೆಚ್ಚುಗೆಯದೆಂದು ಇಷ್ಟು ದಿನ ನಂಬಿದ್ದಳು. 'ನಾನು ಮೇಲಿನವರಿಗೆ ಬರೀತೀನಿ, ಇದು ನನ್ನ ತಪ್ಪು ಅಂತ ಬರೀತೀನಿ' ಎಂದಳು. ಅನಸೂಯಮ್ಮ ಪೆನ್ನು ಕೇಳಿದಳು. ಮೇಜಿನ ಮೇಲೆ ಬಾಗಿ, ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಬರೆದು ಸಹಿ ಹಾಕಿದಳು.

'ನಂಗೆ ಇನ್ನೂ ಏಳು ವರ್ಷ ದುಡೀಬೇಕು' ಎಂದಳು. 'ನಾಳೆಯಿಂದ ಅಲ್ಲ, ಈಗಿಂದಾನೇ ಸರಿ ಮಾಡ್ಕೋತೀನಿ ಮೇಡಂ.'

ದಿನಕ್ಕೆ ಎರಡು ಕರೆಗಳನ್ನು ನೇರವಾಗಿ ಕೇಳಿ ಅಂಕ ಹಾಕುವುದೂ ಮ್ಯಾನೇಜರನ ಕೆಲಸ; ಯಾರದೆಂದು ಯಂತ್ರವೇ ಆರಿಸುತ್ತದೆ. ಪ್ರತಾಪನಿಗೆ ಬರೆಯಲೆಂದು ತೆರೆದ ಪತ್ರದಲ್ಲಿ ಒಂದು ಸಾಲೂ ಮೂಡದೆ ಕೂತಿದ್ದಾಗ, ನಾಲ್ಕಕ್ಕೆ ಹತ್ತು ನಿಮಿಷವಿರುವಂತೆ ಪರದೆಯಲ್ಲಿ ಅನಸೂಯಮ್ಮನ ಹೆಸರು ಬಂತು. ವೃಂದಾ ಹೆಡ್‌ಸೆಟ್ ಹಾಕಿಕೊಂಡಳು.

'ನಮಸ್ಕಾರ. ಆರೋಗ್ಯ ಸಹಾಯವಾಣಿಗೆ ತಮಗೆ ಸ್ವಾಗತ. ನಾನು ಅನಸೂಯ. ತಮಗೆ ಯಾವ ರೀತಿ ಸಹಾಯ ಮಾಡಬಹುದು?' ರೇಡಿಯೋದ ವಾರ್ತೆಯ ಹಾಗೆ, ಎಲ್ಲೂ ಮುಗ್ಗರಿಸದ ಕನ್ನಡ. ಆ ಕಡೆ ಒಬ್ಬ ಮುದುಕ.

'ಅವ್ವಾ, ನಾನು ಯಳಂದೂರ್ ತಾವಿಂದ. ಹೋದ್ ಹಬ್ಬದ ಹೊತ್ತಲ್ಲಿ ನಮ್ಮನೇವಳ್ಗೆ ಸೊಂಟ ಮುರ್ದಿತ್ತಲ್ಲ, ಆವಾಗ ಒಬ್ರವ್ವ ಮಾತಾಡಿದ್ರು. ನಮ್ ಕಡೆಯೋರೇ. ಹೆಸ್ರು ಕೇಳಕ್ ಮರ್ತೆ. ಅವ್ರಿಗೆ ಒಸಿ ಕೊಡವ್ವ.'

ವೃಂದಾ ಗಾಜಿನಾಚೆ ನೋಡಿದಳು. ಅನಸೂಯಮ್ಮನ ಬೆನ್ನು ನೆಟ್ಟಗಿತ್ತು.

'ಕ್ಷಮಿಸಿ ಸರ್. ನಿರ್ದಿಷ್ಟ ಪ್ರತಿನಿಧಿಗೆ ಕರೆ ವರ್ಗಾಯಿಸುವ ಸೌಲಭ್ಯ ಇರುವುದಿಲ್ಲ. ತಮ್ಮ ಸಮಸ್ಯೆಯನ್ನು ದಯವಿಟ್ಟು ತಿಳಿಸಿ.'

'ಸಮಸ್ಯೆ ಏನಿಲ್ಲ ಕನವ್ವ. ಅವ್ಳು ಎದ್ದು ಓಡಾಡ್ತಾವ್ಳೆ ಈಗ. ಹಟ್ಟಿ ಬಾಗ್ಲಗಂಟ ಬತ್ತಾಳೆ. ಆಯವ್ವ ಅವತ್ತು ದಿಗಿಲ್ ಬೀಳ್ಬೇಡ ಅಂದಿದ್ರು. ಅದ್ಕೇ ಹೇಳವ ಅಂತ ಮಾಡ್ದಿ.'

ಮ್ಯಾನೇಜರು ನಡುವೆ ಸೇರಿಕೊಳ್ಳಲು ಪರದೆಯ ಮೇಲೆ ಒಂದು ಗುಂಡಿ ಇದೆ. ವೃಂದಾಳ ಬೆರಳು ಅದರ ಮೇಲಿತ್ತು. ಇವರೇ ಅವರು ಅಜ್ಜಾ, ಇವರ ಜತೆಯೇ ಮಾತಾಡುತ್ತಿದ್ದೀರಿ ಎಂದರೆ ಮುಗಿಯಿತು. ಆದರೆ ಇದೂ ಅವರಿಬ್ಬರ ನಡುವಿನದು, ಕೇಳಿಸಿಕೊಳ್ಳುತ್ತಿರುವುದೇ ಹೆಚ್ಚು. ಅಥವಾ ತಡೆದದ್ದು ಹೆದರಿಕೆಯೋ. ಯಾವುದೆಂದು ಅವಳಿಗೆ ತಿಳಿಯಲಿಲ್ಲ, ಬೆರಳು ಒತ್ತಲಿಲ್ಲ.

'ತಮ್ಮ ಅಭಿಪ್ರಾಯವನ್ನು ದಾಖಲಿಸಿಕೊಳ್ಳಲಾಗಿದೆ ಸರ್. ಇನ್ನೇನಾದರೂ ಸಹಾಯ ಬೇಕೇ?'

'ಬ್ಯಾಡ ಬುಡವ್ವ' ಎಂದ ಮುದುಕ. ಮುಖ ಮುರಿದಂತಾಗಿತ್ತು ಅವನಿಗೆ. 'ಅವ್ರು ಸಿಕ್ಕುದ್ರೆ ಹೇಳು.'

'ಕರೆ ಮಾಡಿದ್ದಕ್ಕೆ ಧನ್ಯವಾದಗಳು. ತಮ್ಮ ದಿನ ಶುಭವಾಗಿರಲಿ.'

ಒಂದು ನಿಮಿಷ ಐವತ್ತು ಸೆಕೆಂಡು. ಅಂಕಪಟ್ಟಿ ತಾನಾಗಿ ತೆರೆದುಕೊಂಡಿತು. ವೃಂದಾ ಒಂದೊಂದೇ ಸಾಲನ್ನು ಎರಡೆರಡು ಸಲ ಓದಿದಳು. ಎಲ್ಲಾದರೂ ಕಳೆಯಬೇಕೆಂಬ ಸಿಟ್ಟಿನಲ್ಲಿ, ಒಂದಾದರೂ ಅಂಕ ಕಳೆದು ಇದು ಸರಿಯಲ್ಲ ಎಂದು ಎಲ್ಲಾದರೂ ಬರೆಯಬೇಕೆಂದು ಹುಡುಕಿದಳು. ಕಳೆಯಲು ಜಾಗವೇ ಇರಲಿಲ್ಲ. ನೂರಕ್ಕೆ ನೂರು ಹಾಕಿದಳು. ತನ್ನ ಪರದೆಯಲ್ಲೂ ಅಂಕ ಕಂಡದ್ದಕ್ಕೋ ಏನೋ, ಗಾಜಿನಾಚೆ ಅನಸೂಯಮ್ಮ ಕುರ್ಚಿ ತಿರುಗಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕೆಲಸ ಮುಗಿಸಿದವರು ಯಜಮಾನರನ್ನು ನೋಡುವ ಹಾಗೆ ನೋಡಿ, ಸರಿಯಾಯಿತೇ ಎಂದು ಹುಬ್ಬೆತ್ತಿ ಕೇಳಿದಳು.

ವೃಂದಾ ಸರಿ ಎಂದು ತಲೆಯಾಡಿಸಿದಳು. ಅನಸೂಯಮ್ಮ ತಿರುಗಿ ಮುಂದಿನ ಕರೆ ತೆಗೆದುಕೊಂಡಳು.